ಮೊದಲು ಮೇಜು, ಆಮೇಲೆ ಕಾರು: ಗ್ಯಾರೇಜಿನಲ್ಲಿ ಲೋಟಸ್ ಸೆವೆನ್ ಕಟ್ಟಿದ್ದು

ಲೋಟಸ್ ಸೆವೆನ್ ಅಂದರೆ ಹೆಚ್ಚೇನೂ ಇಲ್ಲದ ಕಾರು. ಬಾಗಿಲಿಲ್ಲ, ಗಟ್ಟಿ ಛಾವಣಿಯಿಲ್ಲ, ಮುಂದಿನ ಚಕ್ರಗಳು ಮೈಯಿಂದ ಹೊರಗೆ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ 1957ರಲ್ಲಿ ಇದನ್ನು ತಂದ. ರಸ್ತೆಯಲ್ಲೂ ಓಡಬೇಕು, ರೇಸಿಗೂ ಇಳಿಯಬೇಕು, ಬೆಲೆಯೂ ಕಮ್ಮಿ ಇರಬೇಕು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆಗ ಬ್ರಿಟನ್ನಿನಲ್ಲಿ ಪರ್ಚೇಸ್ ಟ್ಯಾಕ್ಸ್ ಕಟ್ಟಬೇಕಿರಲಿಲ್ಲ. ಹಾಗಾಗಿ ಮೊದಲಿನಿಂದಲೂ ಇದು ಮನೆ ಗ್ಯಾರೇಜಿನ ಕಾರೇ. ನಾನಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ. ಸಿಂಗಲ್ ಗ್ಯಾರೇಜ್. ಅಲ್ಲೇ ಇದರ ನಕಲೊಂದನ್ನು ಕಟ್ಟಿದೆ. "ಅಲ್ವೋ, ಅಂಗಡೀಲಿ ಕಾರು ಸಿಗಲ್ವಾ?" ಅಂತ ಅಮ್ಮ ವಿಡಿಯೊ ಕಾಲ್‌ನಲ್ಲಿ ಕೇಳುತ್ತಲೇ ಇದ್ದರು.

ಎಲ್ಲರೂ ವೆಲ್ಡಿಂಗ್ ಬಗ್ಗೆ ಕೇಳುತ್ತಾರೆ. ನಾನು ಮೇಜಿನ ಬಗ್ಗೆ ಹೇಳುತ್ತೇನೆ. ದಪ್ಪ ಎಂಡಿಎಫ್ ಹಲಗೆಯನ್ನು ಮರದ ಚೌಕಟ್ಟಿನ ಮೇಲೆ ಕೂರಿಸಿ, ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಸಮ ಮಾಡಿಕೊಳ್ಳಬೇಕು. ಅದರ ಮೇಲೆ ಚಾಸಿಯ (ಪೈಪು ಬೆಸೆದು ಮಾಡುವ ಕಾರಿನ ಹಂದರ) ತಳವನ್ನು ನಿಜವಾದ ಅಳತೆಯಲ್ಲೇ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಗೆರೆಯ ಎರಡೂ ಪಕ್ಕ ಮರದ ತುಂಡುಗಳನ್ನು ಸ್ಕ್ರೂ ಹಾಕಿ ಕೂರಿಸಿದರೆ ಪೈಪು ಅಲುಗಾಡುವುದಿಲ್ಲ. ಮೇಜು ಸೊಟ್ಟ ಇದ್ದರೆ ಚಾಸಿಯೂ ಸೊಟ್ಟ. ಆಮೇಲೆ ಎಷ್ಟು ಒಳ್ಳೆ ಶಾಕ್ ಅಬ್ಸಾರ್ಬರ್ ಹಾಕಿದರೂ ಕಾರು ಒಂದು ಕಡೆಗೆ ಎಳೆಯುತ್ತದೆ.

ಪೈಪು 25 ಮಿ.ಮೀ. ಚೌಕದ್ದು, ಗೋಡೆ 1.6 ಮಿ.ಮೀ. ದಪ್ಪ. ಮೊದಲು ಎಲ್ಲ ಕೂಡಿಕೆಗೂ ಸುಮ್ನೆ ಒಂದೊಂದು ಚುಕ್ಕಿ ಟ್ಯಾಕ್, ಅಂದರೆ ತಾತ್ಕಾಲಿಕ ವೆಲ್ಡ್, ಅಷ್ಟೇ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣ ಅಳೆಯಬೇಕು. ಎರಡೂ ಒಂದೇ ಬರಬೇಕು. ಬರದಿದ್ದರೆ ಟ್ಯಾಕ್ ಕತ್ತರಿಸಿ ಸರಿಮಾಡುವುದು ಸುಲಭ. ಪೂರ್ತಿ ವೆಲ್ಡ್ ಆದಮೇಲೆ ಆ ಸೌಲಭ್ಯ ಇಲ್ಲ. ಪೂರ್ತಿ ವೆಲ್ಡಿಂಗನ್ನೂ ಒಂದು ತುದಿಯಿಂದ ಶುರುಮಾಡಿ ಸಾಲಾಗಿ ಮುಗಿಸುವ ಹಾಗಿಲ್ಲ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪೈಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಮುಂದಿನ ಎಡಗಡೆ ಒಂದಿಷ್ಟು, ಹಿಂದಿನ ಬಲಗಡೆ ಒಂದಿಷ್ಟು. ಕೈಯಿಟ್ಟರೆ ಬಿಸಿ ತಾಗದಷ್ಟು ಆರಿದ ಮೇಲೆ ಮತ್ತೆ ಆ ಜಾಗಕ್ಕೆ ಬರಬೇಕು. ಈ ಕೆಲಸದಲ್ಲಿ ಕಾಯುವುದೇ ಜಾಸ್ತಿ.

ಎಂಜಿನ್‌ಗೆ ಆರಿಸಿದ್ದು ಹಳೇ ಮಜ್ದಾ ಎಂಎಕ್ಸ್-5 ಅನ್ನುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಮೊದಲ ಪೀಳಿಗೆಯದು, 1.6 ಲೀಟರ್, 115 ಕುದುರೆಶಕ್ತಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಕಾರಿನ ಬಾಗಿಲ ಕೆಳಗಿನ ಭಾಗಕ್ಕೆ ತುಕ್ಕು ಹಿಡಿದು ವಾರ್ಷಿಕ ತಪಾಸಣೆಯಲ್ಲಿ ಫೇಲ್ ಆಗುತ್ತದೆ, ಆದರೆ ಎಂಜಿನ್ ಗಟ್ಟಿಯಾಗೇ ಇರುತ್ತದೆ. ಬಿಡಿಭಾಗ ಹುಡುಕಿಕೊಂಡು ಅಲೆಯಬೇಡಿ, ಇಡೀ ಕಾರನ್ನೇ ಕೊಳ್ಳಿ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸ್ಟೀರಿಂಗ್ ರ್‍ಯಾಕ್, ವೈರಿಂಗ್ ಎಲ್ಲ ಒಂದಕ್ಕೊಂದು ಹೊಂದುತ್ತವೆ. ಬೇಡದ ಸೀಟು, ಹುಡ್ ಮಾರಿದರೆ ಒಂದಿಷ್ಟು ದುಡ್ಡೂ ವಾಪಸ್ ಬರುತ್ತದೆ. ಒಂದು ತೊಡಕಿದೆ. ಈ ಎಂಜಿನ್ನಿನ ಇಗ್ನಿಷನ್ ಕಾಯಿಲ್ ಇರುವುದು ಎಂಜಿನ್ನಿನ ಹಿಂಭಾಗದಲ್ಲಿ. ಸೆವೆನ್‌ನಲ್ಲಿ ಅಲ್ಲಿ ಕೈ ಹಾಕಲೂ ಜಾಗ ಸಾಲದು. ಕಾಯಿಲನ್ನು ಬೇರೆ ಕಡೆ ಕೂರಿಸಲು ಬ್ರಾಕೆಟ್ ಮಾಡಿದೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳತ್ತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿ ಬ್ಯಾಲೆನ್ಸ್ ಮಾಡುವ ಕೆಲಸವನ್ನು ಮಾತ್ರ ಹೊರಗೆ ಕೊಟ್ಟೆ. ಕಾಲ ಪಕ್ಕದಲ್ಲೇ ತಿರುಗುವ ವಸ್ತು ಅದು, ಅದರಲ್ಲಿ ಜಿಪುಣತನ ಬೇಡ.

ಪಕ್ಕದ ಹೊದಿಕೆ ಅಲ್ಯೂಮಿನಿಯಂ ಹಾಳೆ, ರಿವೆಟ್ ಹೊಡೆದದ್ದು. ಕಬ್ಬಿಣಕ್ಕೆ ಅಲ್ಯೂಮಿನಿಯಂ ನೇರ ತಾಗಿ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಪುಡಿಪುಡಿಯಾಗುತ್ತದೆ. ಪೈಪಿಗೆ ಬಣ್ಣ ಹೊಡೆದು, ಮೇಲೆ ಅಂಟು ಸೀಲೆಂಟ್ ಎಳೆದು, ಆಮೇಲೆ ರಿವೆಟ್. ಮೂತಿ ಮತ್ತು ಮಡ್‌ಗಾರ್ಡು ಫೈಬರ್‌ಗ್ಲಾಸಿನವು, ರೆಡಿ ತಂದೆ.

ರಸ್ತೆಗಿಳಿಸುವ ಮೊದಲು ಐವಿಎ (ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್) ಪರೀಕ್ಷೆ. ಒಂದೇ ಒಂದು ಕಾರು ಕಟ್ಟಿದವರಿಗೂ ಇಲ್ಲಿ ದಾರಿ ಇದೆ, ನನಗೆ ಅದು ಬಹಳ ಮೆಚ್ಚುಗೆ. ಹಳೇ ರೇಸ್ ಕಾರಿನ ಅಂದಕ್ಕೂ ಈ ಪರೀಕ್ಷೆಗೂ ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ. 100 ಮಿ.ಮೀ. ವ್ಯಾಸದ ಗುಂಡು ಹಿಡಿದು ನೋಡುತ್ತಾರೆ. ಅದು ತಾಗುವ ಅಂಚೆಲ್ಲ ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು. ಹೊರಗೆ ಕಾಣುವ ನಟ್ಟುಗಳಿಗೆಲ್ಲ ಪ್ಲಾಸ್ಟಿಕ್ ಟೋಪಿ. ಸ್ಟೀರಿಂಗ್ ಬಿಟ್ಟರೆ ತಾನಾಗೇ ನೇರಕ್ಕೆ ತಿರುಗಬೇಕು. ಸುಮಾರು 600 ಕೆ.ಜಿ. ಕಾರಿನ ಮುಂಭಾಗ ಹಗುರ, ಸುಲಭಕ್ಕೆ ತಿರುಗುವುದಿಲ್ಲ. ಅದಕ್ಕೆ ಚಕ್ರದ ಕ್ಯಾಸ್ಟರ್ ಕೋನವನ್ನು (ಮುಂಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಮೊದಲೇ ಹೊಂದಿಸಿಕೊಳ್ಳುವುದು ಒಳ್ಳೆಯದು. ಕಟ್ಟುವಾಗಿನ ಫೋಟೊ, ಬಿಡಿಭಾಗಗಳ ರಸೀದಿ ಎಲ್ಲ ಇಟ್ಟುಕೊಂಡಿರಿ, ನೋಂದಣಿಗೆ ಬೇಕಾಗುತ್ತದೆ.

ಬೆಂಗಳೂರಿನ ಗೆಳೆಯರು "ಇಲ್ಲೂ ಮಾಡಬಹುದಾ?" ಅಂತ ಕೇಳುತ್ತಾರೆ. ಕಟ್ಟಬಹುದು, ಪೈಪು ವೆಲ್ಡಿಂಗ್ ಅಲ್ಲಿ ಇನ್ನೂ ಅಗ್ಗ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. ಬೇರೆ ಕಾರಿನ ಆರ್‌ಸಿ ಇಟ್ಟುಕೊಂಡು ಇಂಥದ್ದನ್ನು ರಸ್ತೆಗಿಳಿಸಿದರೆ ಗಾಡಿ ಜಪ್ತಿಯಾದೀತು. ಟ್ರೇಲರಿನಲ್ಲಿ ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಒಯ್ದು, ಅವರು ಒಪ್ಪಿದ ದಿನ ಓಡಿಸುವ ಲೆಕ್ಕ ಇದ್ದರೆ ಮಾತ್ರ ಕೈ ಹಾಕಿ.