ಬೋರ್ ಮಾಡಿಸಿದ ಅಂಬಾಸಿಡರ್‌ಗೆ ನಾನು ಟೈಮಿಂಗ್ ಕೂರಿಸಿದ್ದು ಹೀಗೆ

ನನ್ನದು ಮಾರ್ಕ್ 2 ಅಂಬಾಸಿಡರ್. ಬಾನೆಟ್ ಒಳಗಿರುವುದು 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಇಂಜಿನ್. ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಓಡಿದ್ದೂ ಇದೇ ಮನೆತನದ ಇಂಜಿನ್. ರಿಪೇರಿಗೆ ಬಿಚ್ಚಿದಾಗ ಸಿಲಿಂಡರುಗಳನ್ನು 40 ತೌ (ಇಂಚಿನ ಸಾವಿರದಲ್ಲಿ 40 ಭಾಗ) ಬೋರ್ ಮಾಡಿಸಿ ಅಗಲಿಸಿದೆ, ಹೆಡ್ ತೇಯಿಸಿದೆ, ಎರಡು ಎಸ್‌ಯು ಕಾರ್ಬ್ಯುರೇಟರ್ ಹಾಕಿಸಿದೆ. ಈಗ ಅದು ಸುಮಾರು 1530 ಸಿಸಿ. ಕಂಪ್ರೆಷನ್ 8.8ರ ಆಸುಪಾಸು.

ಇಷ್ಟೆಲ್ಲ ಬದಲಾದ ಮೇಲೆ ಕಂಪನಿ ಪುಸ್ತಕದ ಟೈಮಿಂಗ್ ಲೆಕ್ಕ, ಅಂದರೆ ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಪ್ಲಗ್ ಕಿಡಿ ಹಾರಿಸಬೇಕು ಅನ್ನುವುದು, ಹೊಂದುವುದಿಲ್ಲ. ಕಂಪ್ರೆಷನ್ ಜಾಸ್ತಿ ಆದರೆ ಮಿಶ್ರಣ ಬೇಗ ಉರಿಯುತ್ತದೆ. ಹಾಗಾಗಿ ಕಿಡಿ ಅಷ್ಟು ಮುಂಚೆ ಬೇಕಾಗುವುದಿಲ್ಲ. ಮುಂಚೆ ಕೊಟ್ಟರೆ ನಾಕಿಂಗ್, ಅಂದರೆ ಮಿಶ್ರಣ ಸಿಡಿದು ಕಿಟಿಕಿಟಿ ಸದ್ದು, ಶುರು. ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕಿವಿಯಲ್ಲೇ ಟೈಮಿಂಗ್ ಇಡುತ್ತಾರೆ. ಡೆಲ್ಕೋ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ತಿರುಗಿಸುತ್ತಾ ಹೋಗಿ, ಐಡಲ್ ಎಲ್ಲಿ ಏರಿತೋ ಅಲ್ಲಿಂದ ಸ್ವಲ್ಪ ಹಿಂದಕ್ಕೆ ತಂದು ಬಿಗಿದುಬಿಡುವುದು. ಹಳೇ ಕಂಪ್ರೆಷನ್ನಿಗೆ ಅದು ನಡೆಯುತ್ತಿತ್ತು. ಈ ಇಂಜಿನ್ನಿಗೆ ಅದನ್ನು ನಂಬಲು ನನಗೆ ಧೈರ್ಯ ಬರಲಿಲ್ಲ. ಐಡಲ್‌ನಲ್ಲಿ ಪಿಸ್ಟನ್ ಒಡೆಯುವುದಿಲ್ಲ, ಒಡೆಯುವುದು ಪೂರ್ತಿ ಆಕ್ಸಲರೇಟರ್ ತುಳಿದಾಗ. ಆದ್ದರಿಂದ ಮೊದಲು ಮೇಲಿನ ಲೆಕ್ಕ, ಅಂದರೆ ಟೋಟಲ್ ಅಡ್ವಾನ್ಸ್ (ಇಂಜಿನ್ ಜೋರಾಗಿ ತಿರುಗುವಾಗ ಕಿಡಿ ಒಟ್ಟು ಎಷ್ಟು ಡಿಗ್ರಿ ಮುಂಚೆ ಹಾರುತ್ತದೆ ಅನ್ನುವುದು), ಸರಿ ಮಾಡಿಕೊಳ್ಳಬೇಕು. ಐಡಲ್ ಟೈಮಿಂಗ್ ಅದನ್ನು ಹಿಂಬಾಲಿಸಿ ಬರಲಿ.

ಅಡ್ವಾನ್ಸ್ ಯಾಕೆ ಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ನೋಡಿ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು, ಅಂದರೆ 18,000 ಡಿಗ್ರಿ ತಿರುಗುತ್ತದೆ. ಬೆಂಕಿ ಹರಡಲು 2 ಮಿಲಿಸೆಕೆಂಡ್ ಹಿಡಿದರೆ ಅಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ಹೋಗಿರುತ್ತದೆ. ಒತ್ತಡ ಪೂರ್ತಿ ಏರಬೇಕಾದದ್ದು ಪಿಸ್ಟನ್ ತುದಿ ಮುಟ್ಟಿ ಸುಮಾರು 15 ಡಿಗ್ರಿ ಕೆಳಗಿಳಿದಾಗ. ಅದಕ್ಕೇ ಕಿಡಿ ಅಷ್ಟು ಮೊದಲೇ ಹೊರಡಬೇಕು.

ಅಳತೆಯಿಂದ ಶುರು ಮಾಡಿದೆ. ಈ ಇಂಜಿನ್ನಿನ ಟೈಮಿಂಗ್ ಗುರುತುಗಳು ಟೈಮಿಂಗ್ ಕವರಿನ ಕೆಳಗಡೆ ಇವೆ. ನೋಡಬೇಕೆಂದರೆ ಗಾಡಿ ಕೆಳಗೆ ಮಲಗಬೇಕು. ಅದೂ 10 ಡಿಗ್ರಿವರೆಗೆ ಮಾತ್ರ ಗೊತ್ತಾಗುತ್ತದೆ. ನನಗೆ 30ರ ಮೇಲೆ ಓದಬೇಕಿತ್ತು. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಸ್ಟಾಪರ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲೇ ನಿಧಾನವಾಗಿ ಒಂದು ಕಡೆ ತಿರುಗಿಸಿ, ಪಿಸ್ಟನ್ ತಾಗಿದಲ್ಲಿ ಪುಲ್ಲಿ ಮೇಲೆ ಗೆರೆ ಹಾಕಿದೆ. ಆಮೇಲೆ ಇನ್ನೊಂದು ಕಡೆ ತಿರುಗಿಸಿ ಮತ್ತೊಂದು ಗೆರೆ. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ. ಬಳಿಕ ಮೇಲಿನಿಂದ ಕಾಣುವ ಹಾಗೆ ಒಂದು ಮುಳ್ಳು ಕೂರಿಸಿ, ಪುಲ್ಲಿಯ ಸುತ್ತಳತೆ ಲೆಕ್ಕ ಹಾಕಿ 10, 20, 30, 35ಕ್ಕೆ ಬಿಳಿ ಗೆರೆ ಎಳೆದೆ. ಪುಲ್ಲಿಯ ವ್ಯಾಸ 140 ಮಿ.ಮೀ. ಇದ್ದರೆ 30 ಡಿಗ್ರಿಗೆ ಸುಮಾರು 36.7 ಮಿ.ಮೀ. ಬರುತ್ತದೆ. ಟೇಪ್ ಸುತ್ತಿ ಅಳೆದರೆ ಸಾಕು.

ಮುಂದಿನದು ಡೆಲ್ಕೋ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಲೂಕಾಸ್ ಡಿಸ್ಟ್ರಿಬ್ಯೂಟರಿನ ಒಳಗೆ, ವೇಗ ಏರಿದಂತೆ ಹೊರಕ್ಕೆ ಸರಿದು ಕಿಡಿಯನ್ನು ಮುಂಚೆ ತರುವ ತೂಕದ ತುಂಡುಗಳ ಹತ್ತಿರ ಇರುವ ತಟ್ಟೆಯ ಮೇಲೆ ಒಂದು ಅಂಕಿ ಒತ್ತಿರುತ್ತದೆ. ಅದು ಡಿಸ್ಟ್ರಿಬ್ಯೂಟರ್ ಡಿಗ್ರಿ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಡೆಲ್ಕೋ ಒಂದೇ ಸುತ್ತು ತಿರುಗುವುದರಿಂದ ಅದನ್ನು ಎರಡರಿಂದ ಗುಣಿಸಬೇಕು. ನನ್ನದರಲ್ಲಿ 15 ಇತ್ತು, ಅಂದರೆ ತೂಕಗಳೇ 30 ಡಿಗ್ರಿ ಕೊಡುತ್ತವೆ. ಐಡಲ್‌ಗೆ 10 ಇಟ್ಟರೆ ಮೇಲೆ 40 ಆಗುತ್ತದೆ. ಈ ಕಂಪ್ರೆಷನ್ನಿಗೆ ಅದು ಅಪಾಯ. ಮೇಲೆ 32ಕ್ಕೆ ಇಳಿಸಿದರೆ ಐಡಲ್‌ಗೆ ಉಳಿಯುವುದು ಬರೀ 2. ಆಗ ಪಿಕಪ್ ಸತ್ತುಹೋಗುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಹಾಗಾಗಿ ತಟ್ಟೆಯ ತೋಳಿಗೆ ಸ್ವಲ್ಪ ಹಿತ್ತಾಳೆ ಬೆಸೆಸಿ, ಫೈಲಿನಿಂದ ಉಜ್ಜುತ್ತಾ, ಅದರ ಓಟವನ್ನು 10 ಡಿಗ್ರಿಗೆ ಕಟ್ಟಿಹಾಕಿದೆ. ಈಗ ತೂಕಗಳಿಂದ ಬರುವುದು 20. ಮೇಲೆ 32 ಇಟ್ಟರೆ ಐಡಲ್‌ಗೆ 12 ಸಿಗುತ್ತದೆ. ಬಿಸಿ ಇಂಜಿನ್ನಿನಲ್ಲೂ ಸ್ಟಾರ್ಟರ್ ತಿಣುಕುವುದಿಲ್ಲ.

ಡೆಲ್ಕೋ ಒಳಗೆ ತೆರೆದು ಮುಚ್ಚಿ ಕಿಡಿ ಹಾರಿಸುವ ಸ್ವಿಚ್ಚೇ ಪಾಯಿಂಟ್. ಅದರ ಗ್ಯಾಪನ್ನು ಟೈಮಿಂಗಿಗಿಂತ ಮೊದಲೇ ಇಡಬೇಕು. ಗ್ಯಾಪ್ ಬದಲಾದರೆ ಟೈಮಿಂಗೂ ಸರಿಯುತ್ತದೆ. ಡ್ವೆಲ್, ಅಂದರೆ ಪಾಯಿಂಟ್ ಮುಚ್ಚಿರುವ ಅವಧಿ, 1 ಡಿಗ್ರಿ ಜಾಸ್ತಿ ಆದರೆ ಕಿಡಿ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 1 ಡಿಗ್ರಿ ತಡವಾಗುತ್ತದೆ. ನಾನು ಡ್ವೆಲ್ 60 ಡಿಗ್ರಿಗೆ ಇಟ್ಟೆ. ಡೆಲ್ಕೋ ಶಾಫ್ಟ್ ಅಲ್ಲಾಡುತ್ತಿದ್ದರೆ ಮಾತ್ರ ಮೊದಲು ಬುಷ್ ಹಾಕಿಸಿ. ಇಲ್ಲದಿದ್ದರೆ ಟೈಮಿಂಗ್ ಲೈಟಿನಲ್ಲಿ (ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ) ಗೆರೆ ನಡುಗುತ್ತಲೇ ಇರುತ್ತದೆ, ಯಾವ ಅಂಕಿಯನ್ನೂ ನಂಬುವ ಹಾಗಿರುವುದಿಲ್ಲ.

ಹಗುರವಾಗಿ ಓಡುವಾಗ ಡೆಲ್ಕೋಗೆ ಹೆಚ್ಚಿನ ಅಡ್ವಾನ್ಸ್ ಕೊಡಿಸುವ ವ್ಯಾಕ್ಯೂಮ್ ಪೈಪ್ ಕಿತ್ತು, ಅದರ ಬಾಯಿ ಮುಚ್ಚಿ, ಇಂಜಿನ್ ಬಿಸಿ ಮಾಡಿ 3500 ಆರ್‌ಪಿಎಂಗೆ ಏರಿಸಿ ನೋಡಿದೆ. ಗೆರೆ ಮುಂದೆ ಹೋಗದೆ ನಿಂತ ಮೇಲೆ 28ಕ್ಕೆ ಬಿಗಿದೆ. ಅಲ್ಲಿಂದ ಎರಡೆರಡು ಡಿಗ್ರಿ ಏರಿಸುತ್ತಾ, ಒಂದೇ ಸಮತಟ್ಟು ರಸ್ತೆಯಲ್ಲಿ ಟಾಪ್ ಗೇರ್ ಹಾಕಿ 40ರಿಂದ 80 ಕಿ.ಮೀ. ವೇಗಕ್ಕೆ ಎಷ್ಟು ಹೊತ್ತು ಬೇಕು ಅಂತ ಗೆಳೆಯನ ಕೈಯಲ್ಲಿ ಸ್ಟಾಪ್‌ವಾಚ್ ಕೊಟ್ಟು ಅಳೆದೆ. 28ರಿಂದ 30ಕ್ಕೆ ಹೋದಾಗ ಗಾಡಿ ಚುರುಕಾಯಿತು. 32ಕ್ಕೆ ಇನ್ನೂ ಚೂರು. 34ಕ್ಕೆ ಏನೂ ಸಿಗಲಿಲ್ಲ. ಇಂಜಿನ್ನಿನ ಗುಣವೇ ಹಾಗೆ. ಸರಿಯಾದ ಜಾಗದ ಹತ್ತಿರ ಬಂದ ಮೇಲೆ ಎರಡು ಡಿಗ್ರಿ ಹಿಂದೆ ಉಳಿದರೆ ಕಳೆದುಕೊಳ್ಳುವುದು ತೀರಾ ಕಡಿಮೆ. ಎರಡು ಡಿಗ್ರಿ ಮುಂದೆ ಹೋದರೆ ಪಿಸ್ಟನ್ನಿಗೇ ಪೆಟ್ಟು.

ಆದರೆ ಇದೆಲ್ಲ ಬೆಂಗಳೂರಿನ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತು ಶೇಕಡಾ ಕಡಿಮೆ. ಸಿಲಿಂಡರ್ ತುಂಬುವುದೂ ಅಷ್ಟೇ ಕಡಿಮೆ, ನಾಕ್ ಆಗುವುದೂ ಕಡಿಮೆ. ಇಲ್ಲಿ ಸುಮ್ನೆ ಇರುವ ಇಂಜಿನ್ ಮಂಗಳೂರಿನಲ್ಲಿ ಸುಮ್ನೆ ಇರುತ್ತದೆ ಅಂತ ಹೇಳಲಾಗದು. ಅದಕ್ಕೇ ಕೊನೇ ಪರೀಕ್ಷೆಗೆ ಶಿರಾಡಿ ಘಾಟಿ ಆರಿಸಿಕೊಂಡೆ. ಏಪ್ರಿಲ್ ಮಧ್ಯಾಹ್ನ, ಗಾಡಿ ತುಂಬ ಜನ, ಗುಂಡ್ಯದಿಂದ ಸಕಲೇಶಪುರದ ಕಡೆಗೆ ಏರು. ಕೆಳಗಿನ ತಿರುವುಗಳಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ತುಳಿದಾಗ 32ರಲ್ಲಿ ಸಣ್ಣಗೆ ಕಿಟಿಕಿಟಿ ಕೇಳಿಸಿತು. ಬದಿಗೆ ನಿಲ್ಲಿಸಿ 30ಕ್ಕೆ ಇಳಿಸಿದೆ. ವಾಪಸ್ ಕೆಳಗೆ ಹೋಗಿ ಮತ್ತೆ ಹತ್ತಿದಾಗ ಶಬ್ದ ಇರಲಿಲ್ಲ.

ಮೇಲೆ ಬಂದು ಪ್ಲಗ್ ಬಿಚ್ಚಿದೆ. ಬಿಳಿ ಪಿಂಗಾಣಿ ಮೇಲೆ ಮಿನುಗುವ ಅಲ್ಯೂಮಿನಿಯಂ ಚುಕ್ಕಿಗಳಿದ್ದರೆ ನಾಕಿಂಗ್ ಆಗಿದೆ ಅಂತ ಅರ್ಥ. ಎರಡು ಮತ್ತು ಮೂರನೇ ಸಿಲಿಂಡರಿನ ಪ್ಲಗ್ಗುಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಈ ಹೆಡ್‌ನಲ್ಲಿ ಆ ಎರಡಕ್ಕೂ ಸೇರಿ ಎಕ್ಸಾಸ್ಟ್ ಬಾಯಿ ಒಂದೇ, ಶಾಖ ಜಾಸ್ತಿ ಸೇರುವ ಜಾಗ ಅದು. ಎಲ್ಲವೂ ಶುಭ್ರವಾಗಿದ್ದವು.

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಅದು ನಾಕಿಂಗನ್ನು ತಡೆಯುತ್ತದೆ ನಿಜ, ಆದರೆ ಮಿಶ್ರಣವನ್ನು ತೆಳು ಮಾಡುತ್ತದೆ. ಎಸ್‌ಯು ಸೂಜಿಯನ್ನು ಒಂದು ಹಂತ ರಿಚ್ ಮಾಡಿದೆ, ರಬ್ಬರ್ ಪೈಪುಗಳನ್ನೂ ಬದಲಾಯಿಸಿದೆ. ಎಥನಾಲ್ ಇದೆ ಅಂತ ಟೈಮಿಂಗನ್ನು ಮುಂದಕ್ಕೆ ತಳ್ಳಲಿಲ್ಲ.

ಈಗ ಗಾಡಿ ಓಡುತ್ತಿರುವುದು ಐಡಲ್‌ಗೆ 10, ಮೇಲೆ 30ರಲ್ಲಿ. ವ್ಯಾಕ್ಯೂಮ್ ಪೈಪ್ ವಾಪಸ್ ಹಾಕಿದ್ದೇನೆ. ಹೆದ್ದಾರಿಯಲ್ಲಿ ಹಗುರವಾಗಿ ಹೋಗುವಾಗ ಅದು ಕೊಡುವ ಹೆಚ್ಚಿನ ಅಡ್ವಾನ್ಸ್‌ನಿಂದ ಪೆಟ್ರೋಲ್ ಉಳಿಯುತ್ತದೆ. ಪೂರ್ತಿ ತುಳಿದ ಕೂಡಲೇ ಅದು ತಾನೇ ಹಿಂದೆ ಸರಿಯುತ್ತದೆ. ಪಾಯಿಂಟಿನ ಹಿಮ್ಮಡಿ ಸವೆದರೆ ಟೈಮಿಂಗ್ ಮೆಲ್ಲಗೆ ತಡವಾಗುತ್ತಾ ಬರುತ್ತದಲ್ವಾ, ಅದಕ್ಕೆ ಎಣ್ಣೆ ಬದಲಿಸುವಾಗಲೆಲ್ಲ ಡ್ವೆಲ್ ಮತ್ತು ಟೈಮಿಂಗ್ ಎರಡನ್ನೂ ಲೈಟ್ ಹಿಡಿದು ನೋಡುತ್ತೇನೆ.