ಮಣ್ಣೆತ್ತಿನ ಮಣ್ಣು ಕುಂಡಕ್ಕಲ್ಲ

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ವಿಜಯಪುರದ ಕಡೆ ಎರೆ ಮಣ್ಣು ತಂದು, ನಾದಿ, ಎತ್ತು ಮಾಡುತ್ತೇವೆ. ಕೋಡು, ಕಿವಿ ಎಲ್ಲ ಚೆಂದ ಮೂಡುತ್ತವೆ. ಒಣಗಿದರೆ ಕಲ್ಲು. ಒಂದು ವರ್ಷ ಹಬ್ಬಕ್ಕೆ ಉಳಿದ ಮಣ್ಣನ್ನು ಸೊಸೆ ಗುಲಾಬಿ ಕುಂಡಕ್ಕೆ ತುಂಬಿದಳು. ನಾನೂ ಸುಮ್ನೆ ನೋಡುತ್ತಾ ಕೂತಿದ್ದೆ. ತಿಂಗಳೊಳಗೆ ಗಿಡ ಹೋಯಿತು. ಎತ್ತಿಗೆ ಒಳ್ಳೆಯದಾದ ಗುಣವೇ ಬೇರಿಗೆ ಕೆಟ್ಟದ್ದು. ಎರೆ ಮಣ್ಣಿನ ಕಣ ಬಹಳ ಸಣ್ಣ. ನೀರು ಕುಡಿದರೆ ಉಬ್ಬಿ ಗಾಳಿ ಆಡಲು ಬಿಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ.

ನಿಮ್ಮ ಹಿತ್ತಲ ಮಣ್ಣು ಯಾವುದು ಅಂತ ತಿಳಿಯಲು ಒಂದು ಹಿಡಿ ಒದ್ದೆ ಮಾಡಿ, ಹುರಿಯಂತೆ ಹೊಸೆದು ಬಳೆ ಮಾಡಿ. ಬಿರಿಯದೆ ಬಳೆ ಆದರೆ ಗಟ್ಟಿ ಎರೆ. ಹೊಸೆಯುವಾಗಲೇ ಮುರಿದರೆ ಮಸಾರಿ, ಅಂದರೆ ಹಗುರ ಕೆಂಪು ಮಣ್ಣು, ಅಥವಾ ಮರಳು. ಆಮೇಲೆ ಒಣ ಮಣ್ಣಿನ ಮೇಲೆ ನಾಲ್ಕು ಹನಿ ನಿಂಬೆ ರಸ ಬಿಡಿ. ಬುಸ್ ಅಂತ ನೊರೆ ಬಂದರೆ ಮಣ್ಣಲ್ಲಿ ಸುಣ್ಣ ಇದೆ. ನಮ್ಮ ಕಡೆ ಬಹಳ ಹಿತ್ತಲುಗಳಲ್ಲಿ ಬರುತ್ತದೆ. ಅಗೆಯುವಾಗ ಸಿಗುವ ಬಿಳಿ ಹರಳು ಅದೇ ಸುಣ್ಣ.

ಈ ನೊರೆಯ ವಿಷಯ ನನಗೆ ತಡವಾಗಿ ತಿಳಿಯಿತು. ಮೊಬೈಲಲ್ಲಿ ಯಾರೋ ಹೇಳಿದರು ಅಂತ ನಿಂಬೆ ಗಿಡಕ್ಕೆ ಎರಡು ವರ್ಷ ಒಲೆಯ ಬೂದಿ, ಮೊಟ್ಟೆ ಸಿಪ್ಪೆ ಹಾಕಿದೆ. ಇಂಡಿಯಿಂದ ಆಸೆಪಟ್ಟು ತಂದ ಗಿಡ ಅದು. ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲದು ಅಂತ ಇನ್ನೂ ಸುರಿದೆ! ಸುಣ್ಣದ ಮಣ್ಣಿಗೆ ಬೂದಿ ಹಾಕುವುದೆಂದರೆ ಉಪ್ಪಾದ ಸಾರಿಗೆ ಮತ್ತೆ ಉಪ್ಪು ಹಾಕಿದ ಹಾಗೆ. ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಖಾನಾಪುರದ ಕಡೆ ಮಾತು ಬೇರೆ. ಅಲ್ಲಿ ಮಳೆ ಜಾಸ್ತಿ, ಕೆಂಪು ಮಣ್ಣು ಹುಳಿ. ಅಲ್ಲಿನ ನನ್ನ ತಂಗಿ ಬೂದಿ ಹಾಕಿದರೆ ಗಿಡ ನಗುತ್ತದೆ. ನಾನು ಹಾಕಿದರೆ ಅಳುತ್ತದೆ.

ಎಲೆಯಲ್ಲೂ ಗುರುತು ಹಿಡಿಯಬಹುದು. ಹಳೆಯ ಎಲೆ ಮೊದಲು ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಚಿಗುರು ಹಳದಿಯಾಗಿ ನರ ಹಸಿರು ಉಳಿದರೆ ಕಬ್ಬಿಣದ್ದು. ಕಬ್ಬಿಣ ಕೊಡುವ ಫೆರಸ್ ಸಲ್ಫೇಟನ್ನು ಇಂಥ ಮಣ್ಣಿಗೆ ಸುರಿದರೆ ಬೇಗ ಕಟ್ಟಿಹೋಗುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಹಾಕಿ, ಸ್ವಲ್ಪ ನಿಂಬೆ ರಸ ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿ. ಎರಡು ವಾರ ಬಿಟ್ಟು ಮತ್ತೊಮ್ಮೆ. ಇದು ತಾತ್ಕಾಲಿಕ, ಅಷ್ಟೇ. ನೀರು ನಿಂತರೂ ಇದೇ ಹಳದಿ ಬರುತ್ತದೆ, ಅದನ್ನೂ ನೋಡಿಕೊಳ್ಳಿ.

ಎರೆ ಮಣ್ಣಿಗೆ ಮರಳು ಬೆರೆಸಿದರೆ ಹಗುರಾಗುತ್ತದೆ ಅನ್ನುತ್ತಾರೆ. ಒಂದೆರಡು ಪುಟ್ಟಿ ಬೆರೆಸಿದರೆ ಇಟ್ಟಿಗೆ ಆಗುತ್ತದೆ, ಮಾಡಬೇಡಿ. ಅದನ್ನು ಸಡಿಲ ಮಾಡುವುದು ಕೊಳೆತ ಸೊಪ್ಪು ಸದೆ, ಗೊಬ್ಬರ. ತಿಪ್ಪೆ ಗೊಬ್ಬರ ಕನಿಷ್ಠ ಆರು ತಿಂಗಳು ಕೊಳೆತಿರಬೇಕು. ಮುಟ್ಟಿದರೆ ಪುಡಿಯಾಗಬೇಕು, ಸಗಣಿ ವಾಸನೆ ಇರಬಾರದು. ಹಸಿ ಸಗಣಿ ಹಾಕಿದರೆ ಗೊಣ್ಣೆ ಹುಳ ಬಂದು ಬೇರು ತಿನ್ನುತ್ತದೆ. ಜಾಗ ಖಾಲಿ ಇದ್ದರೆ ಮುಂಗಾರಿಗೆ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಕಡಿದು ಮಣ್ಣಿಗೆ ಸೇರಿಸಿ. ಗೊಬ್ಬರದ ದುಡ್ಡು ಉಳಿಯುತ್ತದೆ.

ಹಣ್ಣಿನ ಗಿಡ ಇಡುವ ಮುಂಚೆ ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೆ ತುಂಬಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಗುಂಡಿಯಲ್ಲಿ ಗಿಡ ಇಡಬೇಡಿ. ಎರೆಯಲ್ಲಿ ತೋಡಿದ ಗುಂಡಿ ಅಂದರೆ ತೂತಿಲ್ಲದ ಕುಂಡ. ಅಡಿ ಎತ್ತರದ ದಿಬ್ಬ ಮಾಡಿ, ಮಸಾರಿ ಮಣ್ಣು, ಕೊಳೆತ ಗೊಬ್ಬರ ಬೆರೆಸಿ ಅದರ ಮೇಲೆ ಇಡಿ. ನನ್ನ ಎರಡನೇ ನಿಂಬೆ ಹಾಗೇ ಇಟ್ಟದ್ದು. ಒದ್ದೆ ಎರೆಯಲ್ಲಿ ಸಲಿಕೆ ಆಡಿಸಬೇಡಿ, ಹೆಂಟೆ ಕಟ್ಟಿ ಬಿಸಿಲಿಗೆ ಕಲ್ಲಾಗುತ್ತದೆ. ಹದ ಬರುವ ತನಕ ಕಾಯಿರಿ.

ಬೋರಿನ ನೀರು ಸವಳಾಗಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಮಾತ್ರ ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ. ಅಂಗಡಿಯವರ ಮಾತು ಕೇಳಿ ಜಿಪ್ಸಂ ಚೆಲ್ಲಬೇಡಿ. ಅದು ಸೋಡಿಯಂ ಜಾಸ್ತಿ ಇದ್ದಲ್ಲಿ ಕೆಲಸ ಮಾಡುತ್ತದೆ, ಬರೀ ಸುಣ್ಣ ಇದ್ದಲ್ಲಿ ದುಡ್ಡು ದಂಡ. ಪರೀಕ್ಷೆಗೆ ಹಿತ್ತಲ ನಾಲ್ಕಾರು ಕಡೆ ಮೇಲಿನ ಕಸ ಸರಿಸಿ, ಆರು ಇಂಚು ಆಳದ ವಿ ಆಕಾರದ ಗುಂಡಿ ತೋಡಿ, ಬದಿಯಿಂದ ಮಣ್ಣು ಕೆರೆದು ತೆಗೆಯಿರಿ. ಹಣ್ಣಿನ ಗಿಡಕ್ಕಾದರೆ ಕೆಳಗಿನ ಪದರದ ಮಣ್ಣೂ ಬೇಕು, ಅದನ್ನು ಬೇರೆಯಾಗಿ ಕಟ್ಟಿ. ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಗೊಬ್ಬರ ಹಾಕಿದ ಹೊಸತರಲ್ಲಿ ಮಾತ್ರ ಮಣ್ಣು ತೆಗೆಯಬೇಡಿ.

ಬೇಸಿಗೆಯಲ್ಲಿ ಗಿಡದ ಸುತ್ತ ತೊಗರಿ ಹೊಟ್ಟು, ಜೋಳದ ಕಣಿಕೆ ಚೂರು, ಕಬ್ಬಿನ ರವದಿ, ಯಾವುದು ಸಿಕ್ಕರೂ ನಾಲ್ಕು ಬೆರಳು ದಪ್ಪ ಹಾಸಿ. ಮಣ್ಣು ಬಿರಿಯುವುದಿಲ್ಲ, ನೀರೂ ಉಳಿಯುತ್ತದೆ. ಬುಡಕ್ಕೆ ಮಾತ್ರ ಒತ್ತಬೇಡಿ, ಕಾಂಡ ಕೊಳೆಯುತ್ತದೆ. ಗೊಬ್ಬರ, ನೀರು ಕೂಡ ಬುಡಕ್ಕಲ್ಲ. ಮಧ್ಯಾಹ್ನ ಗಿಡದ ನೆರಳು ಬೀಳುವ ಅಂಚಿದೆಯಲ್ವಾ, ಅಲ್ಲಿ. ನೀರು ಹೀರುವ ಬೇರು ಇರುವುದು ಆ ಕಡೆ.