ವಿದೇಶಕ್ಕೆ ಹೋದಾಗ ಸ್ಕೌಟಿಂಗ್ ಹುಟ್ಟಿದ ಜಾಗ ನೋಡಿ ಬರುವುದು ಹೇಗೆ?

ಮಗಳ ಬಾಣಂತನಕ್ಕೆ, ಮೊಮ್ಮಕ್ಕಳ ರಜೆಗೆ ಎಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಲಂಡನ್ನಿಗೆ ಹೊರಡುವ ತಂದೆ-ತಾಯಂದಿರು ಈಗ ಕಡಿಮೆಯಿಲ್ಲ. ಅವರಲ್ಲಿ ಶಾಲೆಯಲ್ಲಿ ಸ್ಕಾರ್ಫ್ ಕಟ್ಟಿ ಬೆಳೆದವರಿದ್ದಾರೆ, ಸ್ಕೌಟ್ ದಳ ನಡೆಸಿ ನಿವೃತ್ತರಾದ ಮೇಷ್ಟ್ರುಗಳೂ ಇದ್ದಾರೆ. ಅರಮನೆ, ದೊಡ್ಡ ಗಡಿಯಾರ ಎಲ್ಲ ನೋಡುತ್ತಾರೆ. ರೈಲಿನಲ್ಲಿ ಎರಡು ಗಂಟೆಯ ದಾರಿಯಲ್ಲಿರುವ, ಸ್ಕೌಟಿಂಗ್‌ನ ಮೊದಲ ಶಿಬಿರ ನಡೆದ ಬ್ರೌನ್‌ಸೀ ದ್ವೀಪವನ್ನು ಮಾತ್ರ ಬಿಟ್ಟು ಬರುತ್ತಾರೆ. ಅಂಥವರಿಗಾಗಿಯೇ ಈ ಬರಹ.

ಈ ಜಾಗಗಳಲ್ಲಿ ಕಣ್ಣು ಕುಕ್ಕುವಂಥದ್ದು ಹೆಚ್ಚೇನೂ ಇಲ್ಲ. ಒಂದು ಕಲ್ಲು, ಒಂದು ಹುಲ್ಲುಗಾವಲು, ಒಂದು ಸಮಾಧಿ. ಕಥೆ ಗೊತ್ತಿಲ್ಲದೆ ಹೋದವರು ಹತ್ತು ನಿಮಿಷದಲ್ಲಿ ಫೋಟೊ ತೆಗೆದು ಹಿಂತಿರುಗುತ್ತಾರೆ. ಹಾಗಾಗಿ ತಯಾರಿ ಮನೆಯಲ್ಲೇ ಶುರುವಾಗಬೇಕು.

ಹೊರಡುವ ಮೊದಲು

ನಮ್ಮ ನೆಲದ ಕಥೆಯನ್ನು ಮೊದಲು ತಿಳಿದುಕೊಳ್ಳಿ. ಭಾರತದಲ್ಲಿ ಸ್ಕೌಟಿಂಗ್ ಕಾಲಿಟ್ಟದ್ದು 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗಷ್ಟೇ ತೆರೆದಿತ್ತು. ನಮ್ಮ ಮಕ್ಕಳಿಗೂ ಬಾಗಿಲು ತೆರೆಯಲೆಂದು 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಬೇರೆಯೇ ಸಂಘ ಕಟ್ಟಬೇಕಾಯಿತು. ಇಂಥ ಸಂಘಗಳೆಲ್ಲ ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಇಂಗ್ಲೆಂಡಿನಲ್ಲಿ ದಳ ನಡೆಸುವ ಸ್ಕೌಟರ್‌ಗಳು ಮಾತಿಗೆ ಸಿಕ್ಕರೆ ಮೊದಲು ಕೇಳುವುದೇ ನಿಮ್ಮ ಕಡೆಯ ವಿಷಯ.

ಈಗಲೂ ಸದಸ್ಯರಾಗಿರುವವರು ಜಿಲ್ಲಾ ಸಂಸ್ಥೆಯ ಮೂಲಕ ಅಂತಾರಾಷ್ಟ್ರೀಯ ಪರಿಚಯ ಪತ್ರ ಕೇಳಿ. ರಾಜ್ಯ ಕಚೇರಿ, ದಿಲ್ಲಿಯ ಕೇಂದ್ರ ಕಚೇರಿ ದಾಟಿ ಬರುವ ಕಾಗದವಾದ್ದರಿಂದ ವೀಸಾ ಅರ್ಜಿ ಹಾಕುವ ಹೊತ್ತಿಗೇ ಕೇಳಿಬಿಡುವುದು ಒಳ್ಳೆಯದು. ಪೂರ್ತಿ ಸಮವಸ್ತ್ರ ಹೊತ್ತೊಯ್ಯಬೇಕಿಲ್ಲ, ಸ್ಕಾರ್ಫ್ ಮತ್ತು ಅದನ್ನು ಬಿಗಿಯುವ ಉಂಗುರ, ಅಂದರೆ ವಾಗಲ್, ಸಾಕು. ಸ್ಕೌಟರು ಎಡಗೈ ಕುಲುಕುವುದು ಎಲ್ಲ ದೇಶದಲ್ಲೂ ಒಂದೇ.

ಬ್ರೌನ್‌ಸೀ: ಒಂದು ಇಡೀ ದಿನ ಮೀಸಲಿಡಿ

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಪೂಲ್ ಪಟ್ಟಣಕ್ಕೆ ರೈಲು. ಅಲ್ಲಿನ ಬಂದರುಕಟ್ಟೆಯಿಂದ ದ್ವೀಪಕ್ಕೆ ದೋಣಿ. ಸೇತುವೆ ಬರುವ ಮೊದಲು ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ನಿಂತು ಅಭ್ಯಾಸವಿದ್ದ ನಮಗೆ ಈ ಪಯಣ ಹೊಸದೆನಿಸದು. ಆದರೆ ಇಲ್ಲಿ ವಾಹನ ಹತ್ತುವುದಿಲ್ಲ, ಜನ ಮಾತ್ರ. ದೋಣಿಯ ಟಿಕೆಟ್ ಬೇರೆ, ದ್ವೀಪದ ಪ್ರವೇಶಶುಲ್ಕ ಬೇರೆ. ದ್ವೀಪವನ್ನು ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆ. ಚಳಿಗಾಲದಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಕೊನೆಕೊಯ್ಲು, ಅಡಿಕೆ ಸುಲಿತ ಎಲ್ಲ ಮುಗಿಸಿ ಬೇಸಿಗೆಯಲ್ಲಿ ಹೊರಡುವ ನಮ್ಮವರಿಗೆ ಕಾಲ ಸರಿಯಾಗಿಯೇ ಕೂಡಿಬರುತ್ತದೆ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ.

1907ರ ಆಗಸ್ಟ್ 1ರಂದು ಸ್ಕೌಟಿಂಗ್ ಸ್ಥಾಪಕ, ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ ಇಪ್ಪತ್ತರಷ್ಟು ಹುಡುಗರನ್ನು ಕಟ್ಟಿಕೊಂಡು ಇಲ್ಲಿ ಶಿಬಿರ ಹೂಡಿದರು. ಸುಮಾರು ಅರ್ಧದಷ್ಟು ಹುಡುಗರು ಈಟನ್, ಹ್ಯಾರೋದಂಥ ಸಿರಿವಂತರ ಶಾಲೆಗಳವರು. ಉಳಿದವರು ಪೂಲ್ ಮತ್ತು ಬೋರ್ನ್‌ಮತ್ ಪಟ್ಟಣಗಳ ಸಾಮಾನ್ಯ ಮನೆಗಳವರು. ಅವರನ್ನೆಲ್ಲ ಬೆರೆಸಿ ತೋಳ, ಗೂಳಿ, ಕಡಲಂಚಿನ ಕರ್ಲ್ಯೂ ಹಕ್ಕಿ, ಕಾಡುಕಾಗೆ ಎಂದು ನಾಲ್ಕು ಪ್ಯಾಟ್ರೋಲ್, ಅಂದರೆ ಸಣ್ಣ ಗುಂಪು, ಮಾಡಿದರು. ಶ್ರೀಮಂತನ ಮಗನೂ ಕೂಲಿಯವನ ಮಗನೂ ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಮಲಗುವುದು ಅಂದಿನ ಇಂಗ್ಲೆಂಡಿನಲ್ಲಿ ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಗಂಟು, ಜಾಡು, ಬೆಂಕಿ ಎಲ್ಲಕ್ಕಿಂತ ಆ ಶಿಬಿರದ ದೊಡ್ಡ ಸಂಗತಿ ಇದೇ. ಇಂದಿಗೂ ನಮ್ಮ ಶಾಲಾ ದಳಗಳಲ್ಲಿ ಯಾರ ಮಗ ಎಂದು ಕೇಳದೆ ಪ್ಯಾಟ್ರೋಲ್ ಮಾಡುವುದರ ಬೇರು ಅಲ್ಲಿದೆ.

ನೆನಪಿನ ಕಲ್ಲು ಇರುವುದು ದಕ್ಷಿಣ ದಡದ ಕಡೆ. ದೋಣಿ ಇಳಿದಲ್ಲಿಂದ ಸಾಕಷ್ಟು ನಡೆಯಬೇಕು, ಗಟ್ಟಿ ಚಪ್ಪಲಿಯೋ ಶೂವೋ ಇರಲಿ. ದಾರಿಯಲ್ಲಿ ಮಾತು ಕಡಿಮೆ ಮಾಡಿದರೆ ಪೈನ್ ಮರಗಳಲ್ಲಿ ಕೆಂಪು ಅಳಿಲು ಕಾಣಸಿಗಬಹುದು. ಬ್ರಿಟನ್ನಿನ ಬಹುಭಾಗದಿಂದ ಮರೆಯಾಗಿರುವ ಈ ಅಳಿಲು ಇಲ್ಲಿ ಉಳಿದುಕೊಂಡಿದೆ. ಆ ಶಿಬಿರದಲ್ಲಿ ಹುಡುಗರನ್ನು ಕರೆಯಲು ಊದುತ್ತಿದ್ದ ಕುಡು ಜಿಂಕೆಯ ಕೊಂಬು, ಬೇಡನ್ ಪೊವೆಲ್ ಆಫ್ರಿಕಾದಲ್ಲಿ ಬ್ರಿಟಿಷ್ ಸೈನ್ಯದ ಪರ ಮಾಟಬೆಲೆ ಜನರ ವಿರುದ್ಧ ಹೋರಾಡಿದಾಗ ತಂದದ್ದು. ಮಕ್ಕಳು ಜೊತೆಗಿದ್ದರೆ ಇದನ್ನೂ ಮುಚ್ಚಿಡದೆ ಹೇಳಬೇಕು.

ಗಿಲ್ವೆಲ್ ಪಾರ್ಕ್

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಚಿಂಗ್‌ಫರ್ಡ್‌ವರೆಗೆ ಅರ್ಧ ಗಂಟೆಯ ರೈಲು, ಅಲ್ಲಿಂದ ಟ್ಯಾಕ್ಸಿ. ಸ್ಕಾಟ್ಲೆಂಡಿನ ಮ್ಯಾಕ್ಲಾರೆನ್ ಎಂಬ ದಾನಿಯ ಹಣದಲ್ಲಿ 1919ರಲ್ಲಿ ಕೊಂಡ ಜಾಗ. ಆ ವರ್ಷದ ಸೆಪ್ಟೆಂಬರ್‌ನಲ್ಲೇ ಸ್ಕೌಟ್ ನಾಯಕರಿಗಾಗಿ ಮೊದಲ ವುಡ್ ಬ್ಯಾಡ್ಜ್ ತರಬೇತಿ ನಡೆಯಿತು. ನಮ್ಮಲ್ಲಿ ಹಿಮಾಲಯ ವುಡ್ ಬ್ಯಾಡ್ಜ್ ಪಡೆದ ಶಿಕ್ಷಕರು ಕೊರಳಲ್ಲಿ ಧರಿಸುವ ಮರದ ಮಣಿಗಳ ಪರಂಪರೆ ಶುರುವಾದದ್ದು ಇಲ್ಲೇ. ಸ್ಕೌಟರ್ ಆಗಿದ್ದವರು ಇದನ್ನು ಬಿಡಲೇಬಾರದು.

ಇದು ಮಕ್ಕಳು ದಿನವೂ ಡೇರೆ ಹೂಡುವ ಜಾಗ. ಮೊದಲೇ ಬರೆದು ತಿಳಿಸಿ, ಹೋದ ತಕ್ಷಣ ಸ್ವಾಗತ ಕಚೇರಿಯಲ್ಲಿ ಹೆಸರು ಹೇಳಿ. ಮಕ್ಕಳ ಫೋಟೊ ತೆಗೆಯಬೇಡಿ, ಅಲ್ಲಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಲಂಡನ್ ಬಿಟ್ಟು ಹೋಗಲಾಗದವರು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಬೇಡನ್ ಪೊವೆಲ್ ಮತ್ತು ಪತ್ನಿ ಓಲೇವ್ ಅವರ ಸ್ಮಾರಕ ಶಿಲೆಯನ್ನಾದರೂ ನೋಡಿ. ಸ್ವಿಟ್ಜರ್ಲೆಂಡ್ ಪ್ರವಾಸದವರಿಗೆ ಕಾಂಡರ್‌ಸ್ಟೆಗ್‌ನಲ್ಲಿ 1923ರಿಂದಿರುವ ಅಂತಾರಾಷ್ಟ್ರೀಯ ಸ್ಕೌಟ್ ಕೇಂದ್ರವಿದೆ. ಅದರ ಸಮೀಪದ ಅಡೆಲ್‌ಬೋಡನ್‌ನಲ್ಲಿ 1932ರಲ್ಲಿ ತೆರೆದ ಗೈಡ್‌ಗಳ ‘ಅವರ್ ಶ್ಯಾಲೆ’ ಇದೆ. ಗೈಡ್‌ಗಳ ಇಂಥದೇ ವಿಶ್ವಕೇಂದ್ರ ‘ಸಂಗಮ್’ ನೋಡಲು ಪುಣೆಗೆ ಹೋದರೆ ಸಾಕು, ಪಾಸ್‌ಪೋರ್ಟ್ ಬೇಡ.

ಕೆನ್ಯಾದ ನ್ಯೇರಿ

ಆಫ್ರಿಕಾ ಸಫಾರಿಗೆ ಹೋಗುವವರು ನೈರೋಬಿಯಿಂದ ಉತ್ತರಕ್ಕೆ ಸುಮಾರು 150 ಕಿ.ಮೀ. ದೂರದ ನ್ಯೇರಿಗೆ ಒಂದು ದಿನ ತೆಗೆದಿಡಿ. ಕೆನ್ಯಾ ಪರ್ವತದ ನೆರಳಿನ ಈ ಪಟ್ಟಣದಲ್ಲಿ ಬೇಡನ್ ಪೊವೆಲ್ ಕೊನೆಯ ವರ್ಷಗಳನ್ನು ಕಳೆದು 1941ರ ಜನವರಿ 8ರಂದು ತೀರಿಕೊಂಡರು. ಸಮಾಧಿಯ ಮೇಲೆ ಒಂದು ವೃತ್ತ, ನಡುವೆ ಒಂದು ಚುಕ್ಕಿ. ಜಾಡಿನ ಚಿಹ್ನೆ ಕಲಿತ ಯಾವ ಮಗುವಾದರೂ ಇದನ್ನು ಓದಬಲ್ಲದು: ‘ಮನೆಗೆ ಹೋಗಿದ್ದೇನೆ’. ಅವರಿದ್ದ ‘ಪ್ಯಾಕ್ಸ್‌ಟು’ ಎಂಬ ಪುಟ್ಟ ಮನೆ ಔಟ್‌ಸ್ಪ್ಯಾನ್ ಹೋಟೆಲಿನ ಆವರಣದಲ್ಲಿದೆ. ಅವರ ನಂತರ ಅದೇ ಮನೆಯಲ್ಲಿ ಇದ್ದವರು ಕುಮಾವೂನಿನ ನರಭಕ್ಷಕ ಹುಲಿಗಳ ಬೇಟೆಗಾರ ಜಿಮ್ ಕಾರ್ಬೆಟ್. ಅವರ ಸಮಾಧಿಯೂ ಅದೇ ಸ್ಮಶಾನದಲ್ಲಿದೆ.

ಕೆನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಡುವ ಹತ್ತು ದಿನ ಮೊದಲಾದರೂ ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಜೊತೆ ಇಡಿ. ಅದಿಲ್ಲದೆ ಭಾರತಕ್ಕೆ ಮರಳಿದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅರವತ್ತು ದಾಟಿದವರು ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಬೇಕು.

ಊರಿಗೆ ಮರಳಿದ ಮೇಲೆ

ಕೀಚೈನು, ಮ್ಯಾಗ್ನೆಟ್ಟುಗಳಿಗಿಂತ ದ್ವೀಪದ ನಕಾಶೆ, ನೀವೇ ಬಿಡಿಸಿದ ಒಂದು ರೇಖಾಚಿತ್ರ, ಬದಲಾಯಿಸಿಕೊಂಡ ಬ್ಯಾಡ್ಜು ತಂದರೆ ಶಾಲೆಯ ದಳಕ್ಕೆ ಉಪಯೋಗ. ಆಗಸ್ಟ್ 1 ವಿಶ್ವ ಸ್ಕಾರ್ಫ್ ದಿನ. ಮಲೆನಾಡಿನಲ್ಲಿ ಆಗ ಪುಷ್ಯ ಮಳೆ, ಮೈದಾನದಲ್ಲಿ ಡೇರೆ ಹೂಡುವ ಮಾತೇ ಇಲ್ಲ. ಶಾಲೆಯ ಸಭಾಂಗಣದಲ್ಲಿ ಸೀಮೆಸುಣ್ಣದಿಂದ ದ್ವೀಪ ಬಿಡಿಸಿ, ಮಕ್ಕಳನ್ನು ನಾಲ್ಕು ಪ್ಯಾಟ್ರೋಲ್ ಮಾಡಿ ಕೂರಿಸಿ. ಮುಖ್ಯೋಪಾಧ್ಯಾಯರಿಗೆ ಜುಲೈ ಮೊದಲ ವಾರದಲ್ಲೇ ಹೇಳಿಟ್ಟರೆ ಒಂದು ಅವಧಿ ಸಿಗುತ್ತದೆ.